ದಿನಕ್ಕೆ 15 ಬೇಸ್‌ಬಾಲ್ ಮ್ಯಾಚ್, ನನಗೆ ಟೈಮ್ ಇರುವುದು ಒಂದಕ್ಕೆ. ಸ್ಕೋರ್ ಗೊತ್ತಾಗದ ಹಾಗೆ ಒಳ್ಳೆಯ ಮ್ಯಾಚ್ ಆರಿಸುವುದು ಹೇಗೆ?

ಗೋಣಿಕೊಪ್ಪದ ತೋಟದವ

ಇಲ್ಲಿ ಬೇಸ್‌ಬಾಲ್ ನೋಡುವವರು ಎಷ್ಟು ಜನ ಇದ್ದೀರೋ ಗೊತ್ತಿಲ್ಲ, ಆದರೂ ಕೇಳುತ್ತಿದ್ದೇನೆ. ಅಮೆರಿಕದಲ್ಲಿರುವ ತಮ್ಮನಿಂದ ಅಂಟಿದ ಚಟ. ಅವನು ವಾಪಸ್ ಹೋದ, ಚಟ ಇಲ್ಲೇ ಉಳಿಯಿತು.

ಸಮಸ್ಯೆ ಇಷ್ಟೇ. ಅಮೆರಿಕದ ಮೇಜರ್ ಲೀಗ್‌ನಲ್ಲಿ 30 ತಂಡ, ಒಂದೊಂದಕ್ಕೂ 162 ಮ್ಯಾಚ್, ಒಟ್ಟು ಸೇರಿಸಿದರೆ ಒಂದು ಸೀಸನ್‌ಗೆ 2,430 ಆಗುತ್ತದೆ. ನ್ಯೂಯಾರ್ಕ್ ಕಡೆ ಸಂಜೆ 7ಕ್ಕೆ ಶುರುವಾದರೆ ನಮಗೆ ಬೆಳಗಿನ ಜಾವ 4:30. ಕ್ಯಾಲಿಫೋರ್ನಿಯಾದ ಮ್ಯಾಚ್ ಬೆಳಿಗ್ಗೆ 7:30ಕ್ಕೆ, ಅದೂ ಕೆಲಸದವರು ತೋಟಕ್ಕೆ ಬರುವ ಹೊತ್ತು. ಹಾಗಾಗಿ ಲೈವ್ ಅನ್ನೋದು ನನಗೆ ಇಲ್ಲವೇ ಇಲ್ಲ. ರಾತ್ರಿ ಊಟ ಆದ ಮೇಲೆ ಒಂದು ರಿಪ್ಲೇ ನೋಡುತ್ತೇನೆ, ಅದೂ ಈ ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟ್ ಮತ್ತು ನೆಟ್‌ವರ್ಕ್ ಎರಡೂ ಒಟ್ಟಿಗೆ ಇದ್ದರೆ. ಇಷ್ಟೆಲ್ಲ ಕೂಡಿಬಂದ ರಾತ್ರಿ ಹಾಕಿದ ಮ್ಯಾಚ್ ಮೂರನೇ ಇನ್ನಿಂಗ್ಸ್‌ಗೇ (ಒಟ್ಟು ಒಂಬತ್ತು, ಸಮ ಆದರೆ ಇನ್ನೂ ಮುಂದಕ್ಕೆ) 9-0 ಆಗಿಬಿಟ್ಟರೆ ಹೊಟ್ಟೆ ಉರಿಯುತ್ತದೆ ಮಾರಾಯ್ರೇ.

ತಮ್ಮನಿಗೆ ಹೇಳಿ, ಒಂದೇ ರನ್ ಅಂತರದಲ್ಲಿ ಮುಗಿದ ಮ್ಯಾಚ್‌ಗಳ ಹೆಸರು ಮಾತ್ರ ಕಳಿಸು ಅಂದೆ. ಅದೂ ಸರಿಹೋಗಲಿಲ್ಲ. ಮೊದಲ ಇನ್ನಿಂಗ್ಸ್‌ನಲ್ಲೇ 5 ರನ್ ಹೊಡೆದು ಆಮೇಲೆ ಆರಾಮಾಗಿ ಆಡಿ, ಕೊನೆಗೆ ಸೋಲುವ ತಂಡ ಸುಮ್ನೆ ಎರಡು ರನ್ ಸೇರಿಸಿ 5-4 ಆದರೂ ಅದು ಒಂದು ರನ್ ಅಂತರವೇ ಅಲ್ವಾ. ಅದೇ 8-4 ಆಗಿ ಮುಗಿದದ್ದರಲ್ಲಿ ಎಂಟನೇ ಇನ್ನಿಂಗ್ಸ್‌ವರೆಗೂ 4-4 ಇರಬಹುದು.

ರೋಚಕತೆಯನ್ನು ಅಳೆಯಲು ಸರಿಯಾದ ಲೆಕ್ಕ ಏನಾದರೂ ಇದೆಯಾ? ಮನೆಯಲ್ಲೇ ಮಾಡಿಕೊಳ್ಳಬಹುದಾ? ಸ್ಕೋರ್ ಕಣ್ಣಿಗೆ ಬೀಳಬಾರದು, ಅದು ಮುಖ್ಯ.

ಮಂಜಿನ ಮಡಿಕೇರಿ

ಇದೆ. ಈ ಲೆಕ್ಕಕ್ಕೆ ಬೇಸ್‌ಬಾಲ್‌ನಷ್ಟು ಹೇಳಿ ಮಾಡಿಸಿದ ಆಟ ಇನ್ನೊಂದಿಲ್ಲ. ನಾನು ಕಾಲೇಜಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವನು, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಕೊನೆಯ ಸ್ಕೋರ್ ಬಿಟ್ಟುಬಿಡಿ. ಆಟದ ಪ್ರತಿ ಕ್ಷಣದಲ್ಲೂ ಗೆಲ್ಲುವ ಛಾನ್ಸ್ ಎಷ್ಟು ಅನ್ನುವುದನ್ನು ಹಿಡಿದುಕೊಳ್ಳಿ. ಬೇಸ್‌ಬಾಲ್‌ನಲ್ಲಿ ಒಂದು ಕ್ಷಣದ ಸ್ಥಿತಿಯನ್ನು ನಾಲ್ಕೇ ವಿಷಯದಲ್ಲಿ ಹೇಳಿಬಿಡಬಹುದು: ಯಾವ ಇನ್ನಿಂಗ್ಸ್, ರನ್ ಅಂತರ ಎಷ್ಟು, ಔಟ್ ಎಷ್ಟು, ಯಾವ ಯಾವ ಬೇಸ್ (ಓಟಗಾರರು ನಿಲ್ಲುವ ಮೂರು ಠಾಣೆ) ಮೇಲೆ ಓಟಗಾರರಿದ್ದಾರೆ. ಬೇಸ್‌ಗಳ ಸ್ಥಿತಿ 8 ಬಗೆ, ಔಟ್ 0, 1 ಅಥವಾ 2 (ಮೂರಾದರೆ ಆ ಇನ್ನಿಂಗ್ಸ್‌ಗೆ ತಂಡದ ಬ್ಯಾಟಿಂಗ್ ಮುಗಿಯಿತು), ಹಾಗಾಗಿ 24 ಬಗೆ ಅಷ್ಟೆ. ಹಳೆಯ ಸಾವಿರಾರು ಮ್ಯಾಚ್ ತೆಗೆದು, ಇದೇ ಸ್ಥಿತಿಯಲ್ಲಿದ್ದಾಗ ಆತಿಥೇಯ ತಂಡ ನೂರಕ್ಕೆ ಎಷ್ಟು ಸಲ ಗೆದ್ದಿದೆ ಅಂತ ಎಣಿಸಿದರೆ ಒಂದು ಕೋಷ್ಟಕ ಸಿಗುತ್ತದೆ. ಹಾಕಿಯಲ್ಲೋ ಫುಟ್‌ಬಾಲ್‌ನಲ್ಲೋ ಇದು ಇಷ್ಟು ಸುಲಭ ಅಲ್ಲ, ಅಲ್ಲಿ ಆಟ ನಿಲ್ಲುವುದೇ ಇಲ್ಲ.

ಈಗ ಒಬ್ಬೊಬ್ಬ ಬ್ಯಾಟರ್‌ನ ಸರದಿ ಮುಗಿದಾಗಲೂ ಆ ಛಾನ್ಸ್ ಮೇಲೆ ಹೋಗುತ್ತದೆ ಇಲ್ಲ ಕೆಳಗೆ ಬರುತ್ತದೆ. ಮೇಲೋ ಕೆಳಗೋ ಅಂತ ನೋಡಬೇಡಿ, ಎಷ್ಟು ಅಲುಗಾಡಿತು ಅನ್ನುವುದನ್ನು ಮಾತ್ರ ಕೂಡಿಸುತ್ತಾ ಹೋಗಿ. ಒಂದು ಮ್ಯಾಚಲ್ಲಿ ಎಪ್ಪತ್ತು ಎಂಬತ್ತು ಸರದಿ ಇರುತ್ತವೆ. ಎಲ್ಲ ಅಲುಗಾಟದ ಮೊತ್ತವೇ ನಿಮ್ಮ ರೋಚಕತೆಯ ಅಂಕ. ಘಟ್ಟದ ರಸ್ತೆಯಲ್ಲಿ ಎಷ್ಟು ಎತ್ತರಕ್ಕೆ ಬಂದಿರಿ ಅನ್ನೋದಲ್ಲ, ದಾರಿಯಲ್ಲಿ ಎಷ್ಟು ಹತ್ತಿ ಇಳಿದಿರಿ ಅನ್ನೋದು ಲೆಕ್ಕ.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವ ವಿಷಯ ಒಂದಿದೆ. ಕೊನೆಯ ಇನ್ನಿಂಗ್ಸ್‌ಗಳಿಗೆ ನೀವು ಬೇರೆಯಾಗಿ ತೂಕ ಕೊಡಬೇಕಾಗಿಲ್ಲ, ಲೆಕ್ಕವೇ ಕೊಡುತ್ತದೆ. ಮೊದಲ ಇನ್ನಿಂಗ್ಸ್‌ನಲ್ಲಿ ಬೇಸ್ ಖಾಲಿ ಇರುವಾಗ ಹೋಮ್ ರನ್ (ಸಿಕ್ಸರ್ ಹಾಗೆ ಬೇಲಿಯಾಚೆ ಹೊಡೆತ, ಹೊಡೆದವನಿಗೂ ಬೇಸ್‌ನಲ್ಲಿದ್ದವರಿಗೂ ತಲಾ ಒಂದು ರನ್) ಹೊಡೆದರೆ ಗೆಲ್ಲುವ ಛಾನ್ಸ್ ನೂರರಲ್ಲಿ ಹತ್ತರ ಆಸುಪಾಸು ಏರುತ್ತದೆ. ಅದೇ ಹೊಡೆತ ಸಮ ಆಗಿರುವ ಮ್ಯಾಚಿನ ಒಂಬತ್ತನೇ ಇನ್ನಿಂಗ್ಸ್‌ನ ಕೆಳಭಾಗದಲ್ಲಿ (ಆತಿಥೇಯರು ಬ್ಯಾಟ್ ಮಾಡುವ ಎರಡನೇ ಅರ್ಧ) ಬಂದರೆ ಅರವತ್ತು ಚಿಲ್ಲರೆಯಿಂದ ನೇರ ನೂರಕ್ಕೆ ಹೋಗುತ್ತದೆ, ಆಟ ಅಲ್ಲಿಗೇ ಮುಗಿಯಿತು. ಒಂದು ರನ್ ಹಿಂದೆ ಇದ್ದು, ಎರಡು ಔಟ್ ಆಗಿ, ಮೊದಲ ಬೇಸ್‌ನಲ್ಲಿ ಒಬ್ಬ ಇರುವಾಗ ಹೊಡೆದರೆ ಹತ್ತರ ಹತ್ತಿರದಿಂದ ನೂರಕ್ಕೆ!

2016ರ ವರ್ಲ್ಡ್ ಸೀರೀಸ್‌ನ (ಲೀಗ್‌ನ ಫೈನಲ್, ಮೊದಲು ನಾಲ್ಕು ಮ್ಯಾಚ್ ಗೆದ್ದವರಿಗೆ ಕಪ್) ಏಳನೇ ಮ್ಯಾಚ್ ತಗೊಳ್ಳಿ (ಹಳೆಯದು, ಸ್ಕೋರ್ ಹೇಳಿದರೆ ತಪ್ಪಿಲ್ಲ). ಚಿಕಾಗೋ ಕಬ್ಸ್ 6-3 ಮುಂದೆ ಇತ್ತು. ಎಂಟನೇ ಇನ್ನಿಂಗ್ಸ್‌ನಲ್ಲಿ ಕ್ಲೀವ್‌ಲ್ಯಾಂಡ್ ಒಂದು ರನ್ ತೆಗೆಯಿತು, ಆಮೇಲೆ ರಜಾಯ್ ಡೇವಿಸ್ ಎರಡು ರನ್ನಿನ ಹೋಮ್ ರನ್ ಹೊಡೆದು 6-6 ಮಾಡಿದ. ಒಂಬತ್ತು ಇನ್ನಿಂಗ್ಸ್ ಮುಗಿದ ಮೇಲೆ 17 ನಿಮಿಷ ಮಳೆ. ಹತ್ತರಲ್ಲಿ ಕಬ್ಸ್ ಎರಡು ರನ್ ಹೊಡೆಯಿತು, ಕ್ಲೀವ್‌ಲ್ಯಾಂಡ್ ಒಂದು ವಾಪಸ್ ಕೊಟ್ಟಿತು, 8-7. ಗೆಲ್ಲುವ ಛಾನ್ಸನ್ನು ಗೆರೆಯಾಗಿ ಎಳೆದರೆ, ಅಲ್ಲಿಯವರೆಗೆ ಮಲಗಿದ್ದ ಆ ಗೆರೆ ಎಂಟನೇ ಇನ್ನಿಂಗ್ಸ್‌ನಿಂದ ಆಚೆ ಕುಣಿಯಲು ಶುರು ಮಾಡಿತು, ಮೊತ್ತ ಗಬಕ್ಕನೆ ಏರಿತು. 1908ರ ನಂತರ ಕಬ್ಸ್‌ಗೆ ಅದೇ ಮೊದಲ ಕಪ್ ಅನ್ನೋದು ಮಾತ್ರ ಈ ಮೊತ್ತದಲ್ಲಿ ಎಲ್ಲೂ ಬರುವುದಿಲ್ಲ. ಅದು ಇದರ ಕೊರತೆ. ಅದನ್ನು ಯಾರಾದರೂ ಎತ್ತೇ ಎತ್ತುತ್ತಾರೆ, ಆಗ ಮಾತಾಡೋಣ.

ಕುಶಾಲನಗರ ಕ್ರಿಕೆಟ್

ಟಿವಿಯಲ್ಲಿ ಕ್ರಿಕೆಟ್ ಮ್ಯಾಚ್ ನಡುವೆ ಇವರು ಇಷ್ಟು ಪರ್ಸೆಂಟ್ ಗೆಲ್ತಾರೆ ಅಂತ ಒಂದು ಪಟ್ಟಿ ತೋರಿಸ್ತಾರಲ್ಲ, ಅದೇ ತಾನೇ ಇದು? ಹಾಗಿದ್ದರೆ 2019ರ ಲಾರ್ಡ್ಸ್ ಫೈನಲ್‌ಗೆ ನಿಮ್ಮ ಮೊತ್ತ ಆಕಾಶಕ್ಕೆ ಹೋಗಬೇಕು. 241ಕ್ಕೆ 241, ಸೂಪರ್ ಓವರ್ 15ಕ್ಕೆ 15. ಬೌಂಡರಿ ಎಣಿಸಿ ಕಪ್ ಕೊಟ್ಟದ್ದನ್ನು ಯಾವ ಕೋಷ್ಟಕ ಹೇಳುತ್ತದೋ ನೋಡಬೇಕು.

ಮಂಜಿನ ಮಡಿಕೇರಿ

ಹೌದು, ಅದೇ. ಕ್ರಿಕೆಟ್‌ನಲ್ಲಿ ಮೊದಲ ಇನ್ನಿಂಗ್ಸ್ ಪೂರ್ತಿ ಒಂದೇ ತಂಡ ಬ್ಯಾಟ್ ಮಾಡುವುದರಿಂದ ಅರ್ಧ ಆಟದವರೆಗೆ ಆ ಗೆರೆ ಬರೀ ಊಹೆ. ಪಿಚ್ ಹೇಗಿದೆ, 280 ಸಾಕಾ, ಯಾರಿಗೆ ಗೊತ್ತು? ಬೇಸ್‌ಬಾಲ್‌ನಲ್ಲಿ ಇಬ್ಬರೂ ಸರದಿಯಂತೆ ಬರುತ್ತಾರೆ, ಗೆರೆ ಮೇಲೆ ನಂಬಿಕೆ ಇಡಬಹುದು.

ಸೋಮವಾರಪೇಟೆ ಕೋಡರ್

ಮೇಷ್ಟ್ರು ಹೇಳಿದ್ದು ಸರಿ. ಕೆಲಸಕ್ಕೆ ಇಳಿದಾಗ ಏನಾಗುತ್ತದೆ ಅಂತ ನಾನು ಹೇಳುತ್ತೇನೆ, ನನ್ನ ಶೀಟ್ ಒಂದಿದೆ.

ಛಾನ್ಸಿನ ಗೆರೆಯನ್ನು ನೀವು ಲೆಕ್ಕ ಹಾಕಬೇಕಾಗಿಲ್ಲ. ಫ್ಯಾನ್‌ಗ್ರಾಫ್ಸ್ ಮತ್ತು ಬೇಸ್‌ಬಾಲ್ ರೆಫರೆನ್ಸ್ ಅನ್ನುವ ವೆಬ್‌ಸೈಟ್ ಎರಡೂ ಪ್ರತಿ ಮ್ಯಾಚಿಗೆ ಹಾಕಿರುತ್ತವೆ. ಹಳೆಯ ಮ್ಯಾಚ್‌ಗಳ ಒಂದೊಂದು ಸರದಿಯ ದಾಖಲೆ ಬೇಕಿದ್ದರೆ ರೆಟ್ರೋಶೀಟ್ ಅಂತ ಒಂದು ಬಳಗ ಇದೆ, 1989ರಿಂದ ಸ್ವಯಂಸೇವಕರು ಕೂತು ಸೇರಿಸಿದ್ದು, ಪುಕ್ಕಟೆ. ಆದರೆ ನೀವಾಗಿ ಆ ಪುಟ ತೆರೆದರೆ ಸ್ಕೋರ್ ಮುಖಕ್ಕೇ ಹೊಡೆಯುತ್ತದೆ. ಅದಕ್ಕೆ ಪುಟ ಓದುವ ಕೆಲಸ ಸ್ಕ್ರಿಪ್ಟ್ ಮಾಡಲಿ, ನಿಮಗೆ ಎರಡು ತಂಡದ ಹೆಸರು ಮತ್ತು ಒಂದು ಅಂಕ ಮಾತ್ರ ಬರಲಿ.

ಬರೀ ಮೊತ್ತ ನಂಬಿದರೆ ಒಂದು ತೊಂದರೆ ಇದೆ. ಉದ್ದ ಎಳೆದ ಮ್ಯಾಚ್‌ಗಳೆಲ್ಲ ತಲೆ ಮೇಲೆ ಕೂರುತ್ತವೆ. 2018ರ ವರ್ಲ್ಡ್ ಸೀರೀಸ್‌ನ ಮೂರನೇ ಮ್ಯಾಚ್ 18 ಇನ್ನಿಂಗ್ಸ್, 7 ಗಂಟೆ 20 ನಿಮಿಷ ನಡೆಯಿತು, ಕೊನೆಗೆ ಮ್ಯಾಕ್ಸ್ ಮಂಸಿ ಹೋಮ್ ರನ್ ಹೊಡೆದು ಡಾಡ್ಜರ್ಸ್ 3-2ರಲ್ಲಿ ಗೆದ್ದಿತು. ಸಮ ಇದ್ದಾಗ ಒಬ್ಬ ಬೇಸ್‌ಗೆ ಬಂದರೂ ಛಾನ್ಸ್ ಅಲುಗಾಡುತ್ತದೆ, ಔಟ್ ಆದರೂ ಅಲುಗಾಡುತ್ತದೆ, ಹೀಗೆ ಇನ್ನಿಂಗ್ಸ್ ಮೇಲೆ ಇನ್ನಿಂಗ್ಸ್ ಏನೂ ಆಗದಿದ್ದರೂ ಅಂಕ ಬೆಳೆಯುತ್ತಾ ಹೋಗುತ್ತದೆ. ಕೆಲವರಿಗೆ ಅದು ಹಬ್ಬ, ನನಗೆ ಶಿಕ್ಷೆ. ಜೊತೆಗೆ 2020ರಿಂದ ಲೀಗ್ ಮ್ಯಾಚ್‌ಗಳಲ್ಲಿ ಹತ್ತನೇ ಇನ್ನಿಂಗ್ಸ್ ಶುರುವಾಗುವುದೇ ಎರಡನೇ ಬೇಸ್‌ನಲ್ಲಿ ಒಬ್ಬನನ್ನು ಸುಮ್ನೆ ನಿಲ್ಲಿಸಿ. ಅವನು ಏನೂ ಹೊಡೆದು ಬಂದವನಲ್ಲ. ಆದರೂ ಅವನು ಅಲ್ಲಿರುವುದರಿಂದ ಪ್ರತಿ ಸರದಿಯ ಅಲುಗಾಟ ದೊಡ್ಡದು, ಬಿಟ್ಟಿ ಅಂಕ. (ಲೀಗ್ ಮುಗಿದ ಮೇಲಿನ ನಾಕೌಟ್ ಹಂತ, ಅಂದರೆ ಪ್ಲೇಆಫ್‌ನಲ್ಲಿ ಈ ನಿಯಮ ಇಲ್ಲ, ಪುಣ್ಯ.)

ಅದಕ್ಕೆ ನಾನು ಮೊತ್ತದ ಪಕ್ಕದಲ್ಲಿ ಒಂದು ಸರದಿಗೆ ಸರಾಸರಿ ಅಲುಗಾಟ ಎಷ್ಟು ಅನ್ನುವುದನ್ನೂ ಇಡುತ್ತೇನೆ. ಎರಡೂ ಚೆನ್ನಾಗಿದ್ದರೆ ನೋಡುತ್ತೇನೆ. ಇನ್ನೊಂದು ಕಾಲಂ ಗೆದ್ದ ತಂಡದ ಛಾನ್ಸ್ ಅತಿ ಕೆಳಗೆ ಎಲ್ಲಿಯವರೆಗೆ ಇಳಿದಿತ್ತು ಅನ್ನೋದು. 2011ರ ವರ್ಲ್ಡ್ ಸೀರೀಸ್ ಆರನೇ ಮ್ಯಾಚಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಎರಡು ಸಲ, ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಒಮ್ಮೆ ಹತ್ತರಲ್ಲಿ ಇನ್ನೊಮ್ಮೆ, ಇನ್ನೊಂದೇ ಸ್ಟ್ರೈಕ್ (ಮೂರಾದರೆ ಬ್ಯಾಟರ್ ಔಟ್) ಬಿದ್ದರೆ ಸೀರೀಸೇ ಹೋಯಿತು ಅನ್ನುವಲ್ಲಿಗೆ ಬಂದು ಎರಡೂ ಸಲ ಸಮ ಮಾಡಿತು. ಹನ್ನೊಂದರಲ್ಲಿ ಡೇವಿಡ್ ಫ್ರೀಸ್ ಹೋಮ್ ರನ್, 10-9. ಇಂಥದ್ದನ್ನು ಆ ಒಂದು ಕಾಲಂ ಹಿಡಿಯುತ್ತದೆ.

ಟಾಮ್ ಟ್ಯಾಂಗೊ ಅನ್ನುವವರು ಮಾಡಿದ ಲೆವರೇಜ್ ಇಂಡೆಕ್ಸ್ ಅಂತಲೂ ಇದೆ. ಅದು ಆದದ್ದನ್ನಲ್ಲ, ಆಗಬಹುದಾಗಿದ್ದನ್ನು ಅಳೆಯುತ್ತದೆ. ಸಾಧಾರಣ ಸರದಿಗೆ 1, ಎದೆ ಡವಡವ ಅನ್ನುವ ಕಡೆ 3, 4, 5. ಬೇಸ್ ತುಂಬಿದೆ, ಎರಡು ಔಟ್, ಒಂದು ರನ್ ಅಂತರ, ಪಿಚರ್ (ಬಾಲ್ ಎಸೆಯುವವ) ಸ್ಟ್ರೈಕ್ ಔಟ್ ಮಾಡಿಬಿಟ್ಟ. ಸ್ಕೋರ್ ಬದಲಾಗಲಿಲ್ಲ ನಿಜ. ಆದರೆ ನೋಡುವವನ ಉಗುರು ಉಳಿಯುತ್ತದಾ?

ನಾಪೋಕ್ಲು ಗೋಲ್‌ಕೀಪರ್

ನಾನು ಹಾಕಿಯವನು, ಬೇಸ್‌ಬಾಲ್ ಸ್ವಲ್ಪ ನೋಡಿದ್ದೇನೆ. ಎರಡು ತಕರಾರು.

ಮೊದಲನೆಯದು. 2023ರ ಜೂನ್ 28ರಂದು ನ್ಯೂಯಾರ್ಕ್ ಯಾಂಕೀಸ್ ತಂಡದ ಪಿಚರ್ ಡೊಮಿಂಗೊ ಹೆರ್ಮಾನ್ ಓಕ್‌ಲ್ಯಾಂಡ್ ವಿರುದ್ಧ ಪರ್ಫೆಕ್ಟ್ ಗೇಮ್ ಎಸೆದ. 27 ಜನ ಬಂದರು, 27 ಜನವೂ ಔಟ್, ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ಮೇಜರ್ ಲೀಗ್‌ನ ಅಷ್ಟು ಉದ್ದದ ಇತಿಹಾಸದಲ್ಲಿ ಅದು 24ನೆಯದು. ಸ್ಕೋರ್ 11-0. ನಿಮ್ಮ ಶೀಟಲ್ಲಿ ಅದಕ್ಕೆ ಎಷ್ಟು ಅಂಕ? ಕಸದ ಬುಟ್ಟಿಗೆ ಹೋಗುವಷ್ಟು. ಆದರೆ ಏಳನೇ ಇನ್ನಿಂಗ್ಸ್ ದಾಟಿದ ಮೇಲೆ ಒಂದೊಂದು ಬಾಲಿಗೂ ಉಸಿರು ಬಿಗಿ ಹಿಡಿದು ನೋಡುವ ಆಟ ಅದು. ಗೆಲುವು ಯಾರದು ಅನ್ನುವ ಪ್ರಶ್ನೆ ಮುಗಿದಿದ್ದರೂ ಬೇರೆ ಪ್ರಶ್ನೆ ಬಾಕಿ ಇರುತ್ತದಲ್ಲ.

ಎರಡನೆಯದು ಇನ್ನೂ ದೊಡ್ಡದು. ಅಂಕವೇ ಸ್ಕೋರ್ ಬಿಟ್ಟುಕೊಡುತ್ತದೆ! 2001ರ ಆಗಸ್ಟ್ 5ರಂದು ಕ್ಲೀವ್‌ಲ್ಯಾಂಡ್ ಸಿಯಾಟಲ್ ವಿರುದ್ಧ 14-2 ಹಿಂದೆ ಬಿದ್ದಿತ್ತು. ಕೊನೆಗೆ 11 ಇನ್ನಿಂಗ್ಸ್‌ನಲ್ಲಿ 15-14 ಗೆದ್ದಿತು. ಅವತ್ತು ಮೈದಾನದಲ್ಲಿದ್ದವರು ಅರ್ಧದಲ್ಲಿ ಎದ್ದು ಹೋಗೋಣ ಅಂದುಕೊಂಡಿರಬೇಕು. ನೀವು ರಾತ್ರಿ ಗೋಣಿಕೊಪ್ಪದಲ್ಲಿ ಕೂತು ಅದೇ ಮ್ಯಾಚ್ ಹಾಕುತ್ತೀರಿ, ಶೀಟ್ ಇದು ಇವತ್ತಿನ ನಂಬರ್ ಒನ್ ಅಂದಿದೆ. 14-2 ಆದ ಕೂಡಲೇ ನಿಮಗೆ ಗೊತ್ತು, ಇವರು ವಾಪಸ್ ಬರುತ್ತಾರೆ. ಪವಾಡ ನೋಡಲು ಕೂತವನಿಗೆ ಪವಾಡ ಆಗುತ್ತದೆ ಅಂತ ಮೊದಲೇ ಹೇಳಿಬಿಟ್ಟ ಹಾಗೆ. ಇನ್ನೇನು ಉಳಿಯಿತು?

ನಮ್ಮ ಕೊಡವ ಹಾಕಿ ಹಬ್ಬ ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು, 2024ರಲ್ಲಿ ನಮ್ಮ ನಾಪೋಕ್ಲಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ಕುಟುಂಬದ ತಂಡ. ಒಂದೇ ದಿನ ಬೇರೆ ಬೇರೆ ಮೈದಾನದಲ್ಲಿ ಮ್ಯಾಚ್ ಮೇಲೆ ಮ್ಯಾಚ್. ಯಾವ ಮೈದಾನದ ಬದಿಯಲ್ಲಿ ನಿಲ್ಲಬೇಕು ಅಂತ ಯಾವ ಲೆಕ್ಕವೂ ಹೇಳುವುದಿಲ್ಲ. ಜನ ಎಲ್ಲಿ ಕೂಗುತ್ತಾರೋ ಅಲ್ಲಿಗೆ ಓಡುವುದು. ಹೋಗುವಷ್ಟರಲ್ಲಿ ಗೋಲ್ ಆಗಿಹೋಗಿರುತ್ತದೆ, ಅದೂ ಒಂದು ಮಜಾ.

ಸೋಮವಾರಪೇಟೆ ಕೋಡರ್

ಪರ್ಫೆಕ್ಟ್ ಗೇಮ್ ತಕರಾರಿಗೆ ಉತ್ತರ ಸುಲಭ. ಆರು ಇನ್ನಿಂಗ್ಸ್ ಮುಗಿದಾಗ ಒಂದು ತಂಡಕ್ಕೆ ಒಂದೂ ಹಿಟ್ (ಬಾಲ್ ಹೊಡೆದು ಬೇಸ್ ಮುಟ್ಟುವುದು) ಇಲ್ಲದಿದ್ದರೆ ಆ ಮ್ಯಾಚ್ ಅಂಕ ನೋಡದೆ ಪಟ್ಟಿಗೆ ಸೇರಲಿ ಅಂತ ಒಂದು ಸಾಲು ಬರೆದರೆ ಆಯಿತು. ಅಂಥ ಮ್ಯಾಚ್‌ಗಳಲ್ಲಿ ಹೆಚ್ಚಿನವು ಏಳರಲ್ಲೋ ಎಂಟರಲ್ಲೋ ಹಿಟ್ ಬಿದ್ದು ಕೆಡುತ್ತವೆ, ಹಾಗಾಗಿ ಪಟ್ಟಿಗೆ ಬಂದದ್ದರಿಂದ ಏನೂ ಗೊತ್ತಾಗುವುದಿಲ್ಲ.

ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ನೋಡುವಾಗಲೂ ಇದೇ ಕಾಟ.

ಮಂಜಿನ ಮಡಿಕೇರಿ

ಗೋಲ್‌ಕೀಪರ್ ಕೈ ಇಟ್ಟದ್ದು ಸರಿಯಾದ ಜಾಗಕ್ಕೆ. ಈ ಪ್ರಶ್ನೆಯಲ್ಲಿ ನಿಜವಾಗಿ ಕಷ್ಟ ಇರುವುದು ಅಲ್ಲೇ. ರೋಚಕತೆ ಅಂದರೆ ಮುಂದೇನು ಅಂತ ಗೊತ್ತಿಲ್ಲದಿರುವುದು. ಅದನ್ನು ಅಳೆದು ನೋಡುವವನಿಗೆ ಹೇಳಿದರೆ ಅಷ್ಟರಮಟ್ಟಿಗೆ ಅವನ ರೋಚಕತೆ ಕಡಿಮೆಯಾಗುತ್ತದೆ. ಆದ್ದರಿಂದ ಎಷ್ಟು ಕಡಿಮೆ ಹೇಳಬೇಕು ಅನ್ನುವುದನ್ನು ಲೆಕ್ಕ ಹಾಕಬೇಕು.

ನಂಬರ್ ಒನ್, ನಂಬರ್ ಟೂ ಅಂತ ಕೊಡಲೇಬೇಡಿ. ದಿನದ 15 ಮ್ಯಾಚಿನಲ್ಲಿ ಅಂಕ ಕಡಿಮೆ ಇರುವ ಏಳೆಂಟನ್ನು ಕಿತ್ತುಹಾಕಿ, ಉಳಿದವುಗಳಿಂದ ಒಂದನ್ನು ಚೀಟಿ ಎತ್ತಿದ ಹಾಗೆ ಸ್ಕ್ರಿಪ್ಟ್ ಎತ್ತಲಿ. ಅಂಕ ಕಾಣಿಸಬಾರದು. ಆಗ ನಿಮಗೆ ಗೊತ್ತಿರುವುದು ಇಷ್ಟೇ, ಇದು ತೀರಾ ಸಪ್ಪೆ ಅಲ್ಲ. 6-0 ಆದಾಗ ವಾಪಸ್ ಬರಬಹುದು, ಬರದೆಯೂ ಇರಬಹುದು, ಯಾಕೆಂದರೆ ಮಧ್ಯಮ ಅಂಕದ ಮ್ಯಾಚ್‌ಗಳೂ ಆ ಗುಂಪಿನಲ್ಲಿ ಇವೆ. ಇನ್ನೂ ಅನುಮಾನ ಬೇಕು ಅನಿಸಿದರೆ ಕಿತ್ತುಹಾಕಿದ್ದರಿಂದಲೂ ಆಗೊಮ್ಮೆ ಈಗೊಮ್ಮೆ ಒಂದನ್ನು ಸೇರಿಸಲಿ. ಒಂದು ಕೆಟ್ಟ ರಾತ್ರಿ ಬರುತ್ತದೆ. ಆ ಕೆಟ್ಟ ರಾತ್ರಿಯಿಂದಲೇ ಉಳಿದ ರಾತ್ರಿಗಳಲ್ಲಿ ನಿಮಗೆ ಅನುಮಾನ ಉಳಿಯುವುದು.

ಮ್ಯಾಚ್‌ಗೆ ಮೊದಲೇ ಊಹಿಸಿ ಆರಿಸಿದರೆ ಏನೂ ಬಿಟ್ಟುಕೊಡುವುದಿಲ್ಲ ಅಂತ ಕೆಲವರು ಹೇಳಬಹುದು. ಆಗುವುದಿಲ್ಲ, ಅಥವಾ ತುಂಬಾ ಕಡಿಮೆ ಆಗುತ್ತದೆ. 2001ರ ಸಿಯಾಟಲ್ 116 ಗೆದ್ದ ತಂಡ, ಅದೂ 46 ಸೋತಿತು. 2024ರ ಚಿಕಾಗೋ ವೈಟ್ ಸಾಕ್ಸ್ 121 ಸೋತ ತಂಡ, ಅದೂ 41 ಗೆದ್ದಿತು. ಬೇಸ್‌ಬಾಲ್‌ನಲ್ಲಿ ಒಂದು ದಿನದ ಆಟಕ್ಕೆ ಅದೃಷ್ಟದ ಪಾಲು ಅಷ್ಟು ಜಾಸ್ತಿ, ಎರಡು ಸಮಬಲದ ತಂಡ ಸೇರಿದರೂ 10-1 ಆಗಬಹುದು. ಮೊದಲೇ ನೋಡಿ ತಿಳಿಯಬಹುದಾದದ್ದು ಮಹತ್ವ ಮಾತ್ರ. ಸೆಪ್ಟೆಂಬರ್ ಕೊನೆಗೆ ಪ್ಲೇಆಫ್ ಜಾಗಕ್ಕೆ ಹೋರಾಡುವ ಎರಡು ತಂಡದ ಮ್ಯಾಚ್‌ಗೆ ಹೆಚ್ಚು ಚೀಟಿ ಹಾಕಿ, ಏಪ್ರಿಲ್‌ನ ಮ್ಯಾಚ್‌ಗೆ ಕಡಿಮೆ. ಆಗ ನಾನು ಮೇಲೆ ಹೇಳಿದ 1908ರ ಕೊರತೆಯೂ ಸ್ವಲ್ಪ ತುಂಬುತ್ತದೆ.

ಹಾಕಿ ಬಗ್ಗೆ ಹೇಳಿದ್ದೂ ಸರಿ. 0-0 ಇರುವಾಗ ಐದು ಪೆನಾಲ್ಟಿ ಕಾರ್ನರ್ ತಡೆದ ಗೋಲಿಯ ಆಟ ಯಾವ ಗೆರೆಯಲ್ಲೂ ಕಾಣುವುದಿಲ್ಲ, ಗೋಲು ಮಾತ್ರ ಬರೆದಿಟ್ಟರೆ. ಯಾರಾದರೂ ಮುಂದಿನ ಹಬ್ಬದಲ್ಲಿ ಕಾರ್ನರ್ ಎಷ್ಟು, ಯಾವ ನಿಮಿಷ ಅಂತ ಬರೆದಿಡಿ, ಆಮೇಲೆ ನೋಡೋಣ.

ನಾಪೋಕ್ಲು ಗೋಲ್‌ಕೀಪರ್

ಬರೆಯಲು ನಾನು ರೆಡಿ. ಆದರೆ ನಮ್ಮ ಕುಟುಂಬದ ಮ್ಯಾಚ್ ಇರುವ ದಿನ ನನ್ನ ಕೈಯಲ್ಲಿ ಪೆನ್ನು ನಿಲ್ಲುವುದಿಲ್ಲ, ಆ ದಿನಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ಕುಶಾಲನಗರ ಕ್ರಿಕೆಟ್

ಇಷ್ಟೆಲ್ಲ ಯಾಕೆ, ಎಲ್ಲ ಮ್ಯಾಚಿನದ್ದೂ ಕೊನೆಯ ಎರಡು ಇನ್ನಿಂಗ್ಸ್ ಮಾತ್ರ ನೋಡಿದರೆ ಮುಗಿಯಿತು.

ಗೋಣಿಕೊಪ್ಪದ ತೋಟದವ

ಕುಶಾಲನಗರದವರೇ, ಹಾಗೆ ನೋಡಿದ್ದೇನೆ, ಹಿಡಿಸುವುದಿಲ್ಲ. ಆರನೇ ಇನ್ನಿಂಗ್ಸ್‌ವರೆಗೆ ಆ ಪಿಚರ್ ಹೇಗೆ ಎಸೆದ, ಆ ಬ್ಯಾಟರ್ ಅವನಿಗೆ ಎರಡು ಸಲ ಹೇಗೆ ಔಟ್ ಆದ ಅಂತ ಗೊತ್ತಿಲ್ಲದಿದ್ದರೆ ಎಂಟನೇ ಇನ್ನಿಂಗ್ಸ್‌ನ ಹೊಡೆತಕ್ಕೆ ಬೆಲೆ ಎಲ್ಲಿಂದ ಬರಬೇಕು. 2023ರಲ್ಲಿ ಪಿಚ್ ಕ್ಲಾಕ್ (ಇಷ್ಟು ಸೆಕೆಂಡಿನೊಳಗೆ ಬಾಲ್ ಎಸೆಯಬೇಕು ಅನ್ನುವ ಗಡಿಯಾರ) ಬಂದ ಮೇಲೆ ಮ್ಯಾಚ್ ಹೇಗಿದ್ದರೂ ಎರಡೂ ಮುಕ್ಕಾಲು ಗಂಟೆಯೊಳಗೆ ಮುಗಿಯುವುದೇ ಜಾಸ್ತಿ, ಮೊದಲಿನ ಹಾಗೆ ಮೂರು ಗಂಟೆ ದಾಟುವುದು ಕಡಿಮೆ. ಪೂರ್ತಿ ನೋಡಬಹುದು.

ಮೇಷ್ಟ್ರ ಚೀಟಿ ಐಡಿಯಾ ನನಗೆ ಸರಿ ಕಾಣುತ್ತದೆ. ಒಂದು ವಿಷಯ ಯಾರೂ ಹೇಳಲಿಲ್ಲ, ವಿಡಿಯೋ ಕೆಳಗಿನ ಉದ್ದದ ಪಟ್ಟಿ. ಅದು ನಾಲ್ಕು ಗಂಟೆ ಅಂತ ತೋರಿಸಿದರೆ ಎಕ್ಸ್‌ಟ್ರಾ ಇನ್ನಿಂಗ್ಸ್ ಅಂತ ಮೊದಲ ನಿಮಿಷಕ್ಕೇ ಗೊತ್ತಾಗುತ್ತದೆ. ಮ್ಯಾಚ್ ನೋಡುವ ಲೀಗ್‌ನದೇ ಆ್ಯಪ್ ಎಂಎಲ್‌ಬಿ ಟಿವಿಯಲ್ಲಿ ಸ್ಕೋರ್ ಮರೆಮಾಡುವ ಸೆಟ್ಟಿಂಗ್ ಇದೆ, ಉದ್ದದ ಪಟ್ಟಿಗೆ ಸದ್ಯಕ್ಕೆ ಸ್ಕ್ರೀನಿನ ಕೆಳಗೆ ಇನ್ಸುಲೇಶನ್ ಟೇಪ್ ಅಂಟಿಸಿದ್ದೇನೆ. ಮನೆಯವರು ನಗುತ್ತಿದ್ದಾರೆ, ನಗಲಿ.

ಕೋಡರ್ ಅವರೇ, ಶೀಟ್ ಕಳಿಸುತ್ತೀರಾ? ಮೊತ್ತ, ಸರಾಸರಿ, ಹಿಟ್ ಇಲ್ಲದ ಆರು ಇನ್ನಿಂಗ್ಸಿನ ಸಾಲು, ಇಷ್ಟು ಸಾಕು. ಅಂಕದ ಕಾಲಂ ಮುಚ್ಚಿಟ್ಟು ಕಳಿಸಿ, ಪಾಸ್‌ವರ್ಡ್ ತಮ್ಮನಿಗೆ ಕೊಡಿ, ನನಗೆ ಬೇಡ.

ಸೋಮವಾರಪೇಟೆ ಕೋಡರ್

ಭಾನುವಾರ ಕಳಿಸುತ್ತೇನೆ. ಇಲ್ಲಿ ಮಧ್ಯಾಹ್ನದಿಂದ ಕರೆಂಟ್ ಇಲ್ಲ, ಲ್ಯಾಪ್‌ಟಾಪ್ ಈಗ ಆಫ್ ಆಗುತ್ತದೆ.